ಹೊರಗಾಳಿಯ ಲೆಕ್ಕ

ನನ್ನ ಮದುವೆಯಲ್ಲಿ ಗಂಡಿನ ಕಡೆಯವರು ವರದಕ್ಷಿಣೆ ಕೇಳಲಿಲ್ಲ. ಈ ಮಾತನ್ನು ನಮ್ಮ ಮಾವನವರು ಬದುಕಿರುವವರೆಗೂ ಮನೆಗೆ ಬಂದವರಿಗೆಲ್ಲ ಹೇಳಿದರು. ಬೆಳ್ಳಿ ತಟ್ಟೆ ಕೇಳಲಿಲ್ಲ, ಸ್ಕೂಟರ್ ಕೇಳಲಿಲ್ಲ, ಸೂಟಿನ ಬಟ್ಟೆಯನ್ನೂ ಕೇಳಲಿಲ್ಲ. ನಿಜ. ಅವರು ಕೇಳಿದ್ದು ಗಾಳಿ. ಅದೂ ತಣ್ಣನೆಯ ಗಾಳಿ.

ಅರವತ್ತರ ದಶಕದ ಜಯನಗರವನ್ನು ಕಂಡವರಿಗೆ ಇದರ ಸೊಗಸು ಅರ್ಥವಾದೀತು. ಬೆಳಿಗ್ಗೆ ಹಾಲು ತರಲು ಹೋಗುವ ಗಂಡಸರು ಕಿವಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿಕೊಂಡು ಹೋಗುತ್ತಿದ್ದ ಕಾಲ ಅದು. ಮೇ ತಿಂಗಳಲ್ಲೂ ರಾತ್ರಿ ರಗ್ಗು ಹೊದೆಯದೆ ಮಲಗುವವರನ್ನು ಕಂಡರೆ ಅಯ್ಯೋ ಪಾಪ ಎನ್ನುತ್ತಿದ್ದೆವು. ನಮ್ಮ ಬೀದಿಯಲ್ಲಿ ಒಂದೇ ಒಂದು ಮನೆಯಲ್ಲಿ ಫ್ಯಾನ್ ಇತ್ತು. ಅವರೂ ಅದನ್ನು ನೆಂಟರು ಬಂದಾಗ ಮಾತ್ರ ತಿರುಗಿಸಿ, ನೆಂಟರು ಗೇಟು ದಾಟಿದ ಕೂಡಲೇ ನೆಗಡಿಯಾಗುತ್ತದೆಂದು ಆರಿಸುತ್ತಿದ್ದರು.

ಇಂಥ ಊರಿನಲ್ಲಿ ನನ್ನನ್ನು ನೋಡಲು ಬಂದ ಭಾವೀ ಮಾವನವರು ಉಪ್ಪಿಟ್ಟು ಮುಗಿಸಿ, ಕೈ ಒರೆಸಿಕೊಂಡು, "ನಮಗೇನೂ ಬೇಡ. ಮದುವೆ ಮಾತ್ರ ಆ ಏರ್ ಕಂಡೀಷನ್ ಛತ್ರದಲ್ಲೇ ಆಗ್ಬೇಕು. ಡೆಲ್ಲೀಲಿ ನಾವು ಅದಕ್ಕೇ ಒಗ್ಗಿಹೋಗಿದ್ದೀವಿ ನೋಡಿ," ಎಂದರು.

ಅವರು ದೆಹಲಿಯಲ್ಲಿ ದೊಡ್ಡ ಅಧಿಕಾರಿಯಾಗಿದ್ದು ನಿವೃತ್ತರಾಗಿ ಬಂದು ಜಯನಗರದಲ್ಲಿ ಮನೆ ಕಟ್ಟಿಸಿದ್ದವರು. ಸೊಪ್ಪು ಕೊಳ್ಳಲು ಹೋಗುವಾಗಲೂ ಟೈ ಕಟ್ಟುತ್ತಿದ್ದರು. ಅವರ ಪ್ರತಿ ಎರಡನೆಯ ವಾಕ್ಯ ದೆಹಲಿಯಿಂದ ಹೊರಟು, ಮೂರನೆಯ ವಾಕ್ಯದ ಹೊತ್ತಿಗೆ ಮತ್ತೆ ದೆಹಲಿಗೇ ಹೋಗಿ ಸೇರುತ್ತಿತ್ತು.

ಅವರು ಹೇಳಿದ ಛತ್ರ ಆಗಿನ್ನೂ ಅರ್ಧ ಎದ್ದಿತ್ತು. ಚಿಕ್ಕಲಸಂದ್ರದ ಕಡೆಯ ಗೌಡರೊಬ್ಬರು ಅದನ್ನು ಕಟ್ಟಿಸುತ್ತಿದ್ದರು. ರಾಗಿ ಹೊಲ ಬಡಾವಣೆಯಾಗಿ, ಹೊಲದ ಬದಲು ಏನಾದರೂ ಒಂದನ್ನು ನೋಡಿಕೊಳ್ಳಬೇಕಲ್ಲ ಎಂದು ಛತ್ರಕ್ಕೆ ಕೈ ಹಾಕಿದ್ದರು. ಅದಕ್ಕೆ ತಂಪಿನ ಯಂತ್ರ ಹೂಡುವ ಕೆಲಸ ಅಪ್ಪನ ಕಂಪನಿಗೆ ಬಂದಿತ್ತು. ಎಷ್ಟು ದೊಡ್ಡ ಯಂತ್ರ ಬೇಕೆಂದು ಲೆಕ್ಕ ಹಾಕುವ ಎಂಜಿನಿಯರ್ ನಮ್ಮ ಅಪ್ಪನೇ. ಮಾವನವರು ಇದನ್ನೆಲ್ಲ ಮೊದಲೇ ವಿಚಾರಿಸಿಕೊಂಡು ಬಂದಿದ್ದರು. ಊರಿಗೆಲ್ಲ ತಂಪು ಹಂಚುತ್ತಿದ್ದ ಅಪ್ಪ ತಮ್ಮ ಮನೆಗೆ ಒಂದು ಬೀಸಣಿಗೆಯನ್ನೂ ತಂದವರಲ್ಲ.

ಆ ಮಾತಿಗೆ ಎಲ್ಲರೂ ನಕ್ಕು ತಲೆಯಾಡಿಸಿದರು. ನಾನು ಮಾತ್ರ ಬಾಗಿಲ ಕಡೆ ನೋಡಿದೆ. ಯಂತ್ರದಿಂದ ತಂಪು ಮಾಡಬೇಕಾದರೆ ಬಾಗಿಲು ಹಾಕಬೇಕು. ಬಾಗಿಲು ಹಾಕಿದರೆ ನನ್ನ ಅತ್ತೆಗೆ ನನ್ನ ಮದುವೆ ಕಾಣುವುದಿಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ. ನಾನು ನಡೆಯಲು ಕಲಿಯುವ ಮೊದಲೇ ಅಮ್ಮ ತೀರಿಕೊಂಡಿದ್ದಳು. ನನಗೆ ಅನ್ನ ಕಲಸಿ ತಿನ್ನಿಸಿದ್ದು, ಜ್ವರ ಬಂದಾಗ ಪಕ್ಕ ಕೂತದ್ದು, ಜಡೆ ಹಾಕಿದ್ದು, ನಾನು ಭೌತಶಾಸ್ತ್ರ ಓದುತ್ತೇನೆಂದಾಗ ಅಪ್ಪನೊಡನೆ ಜಗಳವಾಡಿ ಕಾಲೇಜಿಗೆ ಕಳಿಸಿದ್ದು, ಎಲ್ಲ ಅವಳೇ. ಅವಳು ಇಪ್ಪತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು. ಹಾಗಾಗಿ ನಮ್ಮವರ ಶಾಸ್ತ್ರದ ಪ್ರಕಾರ, ಮುಹೂರ್ತದ ಹೊತ್ತಿಗೆ ಮಂಟಪದ ಒಳಗೆ ಇರುವಂತಿಲ್ಲ. ನಮ್ಮ ಅಪ್ಪನೂ ಹೆಂಡತಿಯನ್ನು ಕಳೆದುಕೊಂಡವರೇ. ಹೆಂಡತಿ ಸತ್ತ ಗಂಡಸಿಗೆ ಹಸೆಮಣೆ ಮಾತ್ರ ಇಲ್ಲ, ಗಂಡ ಸತ್ತ ಹೆಂಗಸಿಗೆ ಹೊಸಿಲೂ ಇಲ್ಲ. ಈ ಲೆಕ್ಕವನ್ನು ಯಾವ ಎಂಜಿನಿಯರ್ ಹಾಕಿದನೋ, ಅವನು ಎದುರಿಗೆ ಸಿಕ್ಕಿದ್ದರೆ ನಾನು ನಾಲ್ಕು ಮಾತು ಕೇಳುತ್ತಿದ್ದೆ.

ಆದರೆ ಶಾಸ್ತ್ರದವರು ಒಂದು ಸಂದು ಬಿಟ್ಟಿದ್ದರು. ಮದುವೆ ಮನೆಯ ಬಾಗಿಲು ಹಾಕುವ ಪದ್ಧತಿ ಇಲ್ಲ. ಬಸವನಗುಡಿ, ಜಯನಗರದ ಯಾವ ಮದುವೆಗೆ ಹೋದರೂ ಅತ್ತೆಗೆ ಒಂದು ಜಾಗ ಇತ್ತು: ವರಾಂಡದಲ್ಲಿ, ಚಪ್ಪಲಿ ರಾಶಿಯ ಪಕ್ಕ, ತೆರೆದ ಬಾಗಿಲಿಗೆ ನೇರವಾಗಿ ಒಂದು ಚಾಪೆ. ಅಲ್ಲಿಂದ ಅವಳಿಗೆ ಎಲ್ಲ ಕಾಣುತ್ತಿತ್ತು. ಯಾರ ತಾಳಿ ಕಟ್ಟುವಾಗ ಯಾರ ಕೈ ನಡುಗಿತು, ಯಾರ ಚಿಕ್ಕಮ್ಮ ಅಳುವ ನಾಟಕ ಮಾಡಿದಳು ಎಂಬುದನ್ನು ಮುಂದಿನ ಸಾಲಿನಲ್ಲಿ ಕೂತವರಿಗಿಂತ ಚೆನ್ನಾಗಿ ಮನೆಗೆ ಬಂದು ಹೇಳುತ್ತಿದ್ದಳು. ಅವಳಿಗಿದ್ದ ಆಸೆ ಒಂದೇ, ನನ್ನ ಕತ್ತಿಗೆ ತಾಳಿ ಬೀಳುವುದನ್ನು ಕಣ್ಣಾರೆ ನೋಡುವುದು. ಅದನ್ನು ಅವಳು ಬಚ್ಚಿಟ್ಟುಕೊಂಡವಳಲ್ಲ. ನನಗೆ ಎಣ್ಣೆ ಹಚ್ಚುವಾಗಲೆಲ್ಲ ಹೇಳುತ್ತಿದ್ದಳು.

ಗಂಡಿನ ಕಡೆಯವರು ಹೋದ ಮೇಲೆ ನಾನು ರಂಪ ಮಾಡಿದೆ. "ಆ ಛತ್ರದಲ್ಲಾದ್ರೆ ನನಗೆ ಮದುವೇನೇ ಬೇಡ. ಇಲ್ಲಾ ಅತ್ತೆ ಒಳಗೆ ಬಂದು ಕೂರ್ಲಿ."

ಅತ್ತೆಯೇ ನನ್ನನ್ನು ಗದರಿಸಿದಳು. "ಬಾಯ್ಮುಚ್ಚೇ. ಹುಡುಗ ಚಿನ್ನದಂಥವನು, ಒಂದು ಕಾಸು ಕೇಳಿಲ್ಲ. ನಾನು ಒಳಗೆ ಬಂದು, ನಾಳೆ ನಿನಗೆ ತಲೆನೋವು ಬಂದ್ರೂ ನನ್ನಿಂದ್ಲೇ ಬಂತು ಅಂತಾರೆ. ಅದು ಬೇಡ. ಬಾಗಿಲ ಹತ್ರ ಒಂದಿಷ್ಟು ಸಂದು ಇದ್ರೆ ಸಾಕು ನಂಗೆ."

ಅಪ್ಪ ಜೇಬಿನಿಂದ ಪೆನ್ಸಿಲ್ ತೆಗೆದು, "ತಡಿ ಅಕ್ಕ, ಲೆಕ್ಕ ಹಾಕಿ ನೋಡ್ತೀನಿ," ಎಂದರು. ಮನೆಯಲ್ಲಿ ಉಪ್ಪಿನಕಾಯಿ ಬೂಸ್ಟು ಹಿಡಿದರೂ ಅಪ್ಪನ ಉತ್ತರ ಇದೇ. ಆದರೆ ಅವತ್ತು ಅದನ್ನು ಕೇಳಿ ನನಗೆ ಧೈರ್ಯ ಬಂತು.

ಮಾರನೆಯ ದಿನದಿಂದ ನಮ್ಮ ಊಟದ ಮೇಜಿನ ಮೇಲೆ ಲೆಕ್ಕ ಹರಡಿಕೊಂಡಿತು. ಅಪ್ಪ ಸ್ಲೈಡ್ ರೂಲ್ ಎಂಬ ಲೆಕ್ಕದ ಪಟ್ಟಿಯನ್ನು ಎಳೆಯುವುದು, ನಾನು ಅದೇ ಗುಣಾಕಾರವನ್ನು ಕಾಗದದ ಮೇಲೆ ಮಾಡಿ ಸರಿ ನೋಡುವುದು, ಅತ್ತೆ ಅದೇ ಮೇಜಿನ ತುದಿಯಲ್ಲಿ ಅಕ್ಕಿ ಆರಿಸುತ್ತ ನಮ್ಮಿಬ್ಬರನ್ನೂ ಕೇಳಿಸಿಕೊಳ್ಳುವುದು. ಜನರ ಮೈಯ ಶಾಖ, ದೀಪಗಳ ಶಾಖ, ಗೋಡೆ ಮತ್ತು ಚಾವಣಿಯಿಂದ ಇಳಿಯುವ ಶಾಖ, ಇವೆಲ್ಲ ಬೇಗ ಮುಗಿದವು. ಉಳಿದದ್ದು ಹೊರಗಾಳಿ.

"ಹೊರಗಿನ ಗಾಳೀನ ಒಳಗೆ ತರದೇ ಇದ್ರೆ ಆಯ್ತಲ್ವೇನೋ?" ಅತ್ತೆ ಕೇಳಿದಳು.

"ಹಾಗಾಗಲ್ಲ ಅಕ್ಕ. ಒಳಗಿರೋ ಗಾಳೀನೇ ತಣ್ಣಗೆ ಮಾಡಿ ಮಾಡಿ ಸುತ್ತಿಸ್ತಾ ಇದ್ರೆ ಜನಕ್ಕೆ ಉಸಿರು ಕಟ್ಟತ್ತೆ. ಹೋಮದ ಹೊಗೆ ಬೇರೆ. ತಲೆಗೆ ಇಷ್ಟು ಅಂತ ಹೊಸ ಗಾಳಿ ತರಲೇಬೇಕು. ಬರೋ ಗಾಳಿ ಬರಿಗೈಲಿ ಬರಲ್ಲ, ಶಾಖಾನೂ ತರತ್ತೆ, ತೇವಾನೂ ತರತ್ತೆ. ಎರಡನ್ನೂ ಯಂತ್ರ ಇಳಿಸಬೇಕು. ಎಷ್ಟು ಗಾಳಿ ಬರತ್ತೆ, ಅದು ಒಳಗಿನ ಗಾಳಿಗಿಂತ ಎಷ್ಟು ಹೆಚ್ಚು ಹೊತ್ಕೊಂಡಿದೆ, ಎರಡೂ ಗುಣಿಸಿದ್ರೆ ಹೊರಗಾಳಿಯ ಭಾರ."

"ತೇವ ಎಷ್ಟು ಅಂತ ಹೇಗೆ ತಿಳಿಯತ್ತೆ?"

ಅದಕ್ಕೆ ಅಪ್ಪನ ಬಳಿ ಒಂದು ಸಾಧನ ಇತ್ತು. ಮರದ ಹಿಡಿಗೆ ಸಿಕ್ಕಿಸಿದ ಎರಡು ಥರ್ಮಾಮೀಟರ್. ಒಂದರ ಬುಡ ಒಣಗಿರುತ್ತಿತ್ತು, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ. ಗಿರಗಿರನೆ ತಿರುಗಿಸಿ ನಿಲ್ಲಿಸಿದರೆ ಒದ್ದೆಯದು ಒಣಗಿದ್ದಕ್ಕಿಂತ ಕೆಳಗೆ ಇಳಿದಿರುತ್ತಿತ್ತು. ಗಾಳಿ ಒಣಗಿದ್ದಷ್ಟೂ ಇಳಿತ ಹೆಚ್ಚು. ಸಂಡಿಗೆ ಬೇಗ ಒಣಗುವ ದಿನ ಹೆಚ್ಚು ಇಳಿಯುತ್ತದೆ ಎಂದು ಅಪ್ಪ ಹೇಳಿದ ಮೇಲೆ ಅತ್ತೆ ತಲೆಯಾಡಿಸಿ ಅಕ್ಕಿಗೆ ಹಿಂದಿರುಗಿದಳು.

ಈ ಗಿರಿಗಿಟ್ಲೆಯನ್ನು ಅಪ್ಪ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಬೀದಿಗೆ ಇಳಿದು ತಿರುಗಿಸತೊಡಗಿದರು. ಪಂಚೆ ಮೇಲೆ ಕೋಟು ಹಾಕಿಕೊಂಡ ಗಂಡಸೊಬ್ಬ ನಡುಬೀದಿಯಲ್ಲಿ ನಿಂತು, ತಲೆಯ ಮೇಲೆ ಏನನ್ನೋ ಬೀಸಿ, ಆಮೇಲೆ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ತುಟಿ ಅಲ್ಲಾಡಿಸುವುದನ್ನು ಜಯನಗರ ಬಹಳ ಆಸಕ್ತಿಯಿಂದ ನೋಡಿತು. ಎದುರು ಮನೆಯಾಕೆ ತಡೆಯಲಾರದೆ ಬಂದು ಅತ್ತೆಯನ್ನು ಕೇಳಿದರು: "ನಿಮ್ಮ ತಮ್ಮನಿಗೆ ಏನಾದ್ರೂ ಗ್ರಹಶಾಂತಿ ಹೇಳಿದಾರಾ?"

"ಹೂಂ ಕಣ್ರೀ," ಎಂದಳು ಅತ್ತೆ, "ಮಗಳ ಮದುವೆ."

ಗಾಳಿಯ ಗುಣ ತಿಳಿಯಿತು, ಅಳತೆ ತಿಳಿಯಲು ತಲೆ ಎಷ್ಟೆಂದು ತಿಳಿಯಬೇಕಿತ್ತು. ನಮ್ಮ ಲಗ್ನಪತ್ರಿಕೆಯಲ್ಲಿ ಎಲ್ಲರನ್ನೂ ಸಕುಟುಂಬ ಸಪರಿವಾರ ಸಮೇತರಾಗಿ ಬರಬೇಕೆಂದು ಕರೆಯುತ್ತೇವೆ. ಪರಿವಾರ ಎಂದರೆ ಎಷ್ಟು ಘನ ಅಡಿ ಎಂದು ಅಪ್ಪನ ಇಂಗ್ಲಿಷ್ ಪುಸ್ತಕಗಳಲ್ಲಿ ಎಲ್ಲೂ ಬರೆದಿರಲಿಲ್ಲ. ಛತ್ರದ ಕೆಲಸ ನೋಡಲು ಹೋದಾಗ ಅಪ್ಪ ಗೌಡರನ್ನೇ ಕೇಳಿದರು. ನಾನೂ ಜೊತೆಗೆ ಹೋಗಿದ್ದೆ.

"ಎಷ್ಟು ಜನಕ್ಕೆ ಲೆಕ್ಕ ಹಿಡೀಲಿ ಗೌಡ್ರೇ?"

"ಮದ್ವೆ ಮನೆ ಜನಾನ ಯಾರಾನ ಎಣಿಸ್ತಾರಾ ಸ್ವಾಮಿ? ಎಣಿಸ್ಬಾರ್ದು."

"ಎಣಿಸ್ದೆ ಗಾಳಿ ಎಷ್ಟು ಅಂತ ತರ್ಲಿ?"

"ಬಂದೋರ್ಗೆಲ್ಲಾ ತನ್ನಿ. ಗಾಳೀಲೂ ಪಂಕ್ತಿಭೇದ ಮಾಡಕಾಯ್ತದಾ?"

ಅಪ್ಪ ಒಂದು ಅಂದಾಜು ಬರೆದುಕೊಂಡರು. ಆಮೇಲೆ ಬಾಗಿಲಿನ ಮಾತು ಬಂತು. ಜನ ಬಂದು ಹೋಗುವಾಗ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುವಂತೆ ಸ್ಪ್ರಿಂಗು ಹಾಕಿಸಿ ಎಂದರು ಅಪ್ಪ. ಗೌಡರು ಎರಡೂ ಕೆನ್ನೆ ಬಡಿದುಕೊಂಡರು.

"ಬುಡ್ತು ಅನ್ನಿ. ಲಕ್ಷ್ಮೀ ಒಳಿಕ್ಕೆ ಬರೋ ಹೊತ್ನಾಗೆ ಬಾಗ್ಲು ಬಂದು ಮೂತಿಗೆ ಹೊಡುದ್ರೆ? ಅದೆಲ್ಲಾ ಹೋಟ್ಲಿಗೆ ಸರಿ. ಬೇಕಾದ್ರೆ ಬಾಗ್ಲ ತಾವ ಒಬ್ಬ ಮನುಸ್ನ ನಿಲ್ಸಿ."

ಲಕ್ಷ್ಮಿಯ ಮೂಗಿನ ಮೇಲೆ ಇಷ್ಟು ಕಾಳಜಿ ಇದ್ದವರು ಕಿಟಕಿಗಳಿಗೆ ಮಾತ್ರ, ಬಿಸಿಲು ಬರುತ್ತದೆಂದು, ಸಾಲಾಗಿ ಹಲಗೆ ಹೊಡೆಸಿ ಮುಚ್ಚಿಸಿದ್ದರು. ಹಾಗಾಗಿ ಹೊರಗಿನವರಿಗೆ ಒಳಗನ್ನು ನೋಡಲು ಉಳಿದದ್ದು ಆ ಒಂದು ಬಾಗಿಲು. ಅದು ಒಳಕ್ಕೆ ತೆರೆಯುವ, ತೇಗದ, ಭಾರದ ಬಾಗಿಲು.

ಲೆಕ್ಕ ಮುಗಿದ ದಿನ ಅಪ್ಪ ಹುಡುಗನ ಹಾಗೆ ಅಡುಗೆಮನೆಗೆ ಓಡಿಬಂದರು. ಅವರು ಎರಡು ಹೊತ್ತಿನ ಲೆಕ್ಕ ಹಾಕಿದ್ದರು. ಏಪ್ರಿಲ್ ಮಧ್ಯಾಹ್ನ ಮೂರು ಗಂಟೆಯ ಗಾಳಿಯನ್ನು ಒಳಗೆ ಬಿಟ್ಟರೆ ಭಾರ ಭಾರಿಯಾಗಿಯೇ ಇತ್ತು. ಆದರೆ ನನ್ನ ಮುಹೂರ್ತ ಬೆಳಿಗ್ಗೆ. ಬೆಳಗಿನ ಜಯನಗರದ ಗಾಳಿ ಯಂತ್ರ ತಂಪು ಮಾಡಿಟ್ಟ ಒಳಗಿನ ಗಾಳಿಗಿಂತ ಅಷ್ಟೇನೂ ಬೇರೆಯಲ್ಲ. ಬಾಗಿಲನ್ನು ಪೂರ್ತಿ ತೆರೆದಿಟ್ಟರೂ ಯಂತ್ರಕ್ಕೆ ಅದೊಂದು ಭಾರವೇ ಅಲ್ಲ.

"ಅಕ್ಕ, ನೀನು ಕೂತ್ಕೊಂಡು ನೋಡ್ಬಹುದು. ಹೊರಗಿನ ಗಾಳೀಲಿ ಏನೂ ಇಲ್ಲ!"

"ಅಷ್ಟು ದಿನ ಬೀದೀಲಿ ಗಿರಿಗಿಟ್ಲೆ ತಿರುಗ್ಸಿ ಇದನ್ನಾ ಕಂಡುಹಿಡ್ದಿದ್ದು? ಬೆಳಿಗ್ಗೆ ತಣ್ಣಗಿರತ್ತೆ ಅಂತ?" ಎಂದಳು ಅತ್ತೆ. ಆದರೆ ಆ ದಿನ ಅವಳು ಯಾವ ಹಬ್ಬವೂ ಇಲ್ಲದೆ ಹೋಳಿಗೆ ಮಾಡಿದಳು.

ಆ ಖುಷಿಯಲ್ಲೇ ಅಪ್ಪ ಕಾಗದಗಳನ್ನು ಎತ್ತಿಕೊಂಡು ಬೀಗರ ಮನೆಗೆ ಹೋದರು. ಹೋದಷ್ಟು ಬೇಗ ಬರಲಿಲ್ಲ. ಬಂದಾಗ ಮುಖ ಸಣ್ಣದಾಗಿತ್ತು. ಮಾವನವರು ಕನ್ನಡಕ ಹಾಕಿಕೊಂಡು ಪ್ರತಿಯೊಂದು ಗುಣಾಕಾರವನ್ನೂ ನೋಡಿ, ಲೆಕ್ಕ ಬಹಳ ಸೊಗಸಾಗಿದೆಯೆಂದು ಹೊಗಳಿದರಂತೆ. ಆಮೇಲೆ ಹೇಳಿದರಂತೆ: "ಅಲ್ಲಾ ಬೀಗರೇ, ಬಾಗಿಲು ತೆಗೆದಿಟ್ರೆ ಇದು ಏರ್ ಕಂಡೀಷನ್ ಅಂತ ಬಂದವರಿಗೆ ಗೊತ್ತಾಗೋದು ಹೇಗೆ? ಡೆಲ್ಲೀಲಿ ನಮ್ಮ ಆಫೀಸ್‌ನಲ್ಲಿ ಬಾಗಿಲು ತೆಗೆದಿಟ್ಟವರಿಗೆ ಮೆಮೋ ಕೊಡ್ತಿದ್ವಿ."

ಆಗ ಅಪ್ಪ ಕಾಗದಗಳನ್ನು ಮಡಿಸಿಟ್ಟರಂತೆ. ಅಪ್ಪ ತಮ್ಮ ಅಕ್ಕನ ವಿಷಯವನ್ನು ಬಾಯಿಬಿಟ್ಟು ಹೇಳಿದರು. ಹೆಣ್ಣಿನ ತಂದೆ ಬೇಡುವ ದನಿ ಹೇಗಿರುತ್ತದೆಂದು ನಾನು ಊಹಿಸಬಲ್ಲೆ, ಊಹಿಸಿದಾಗಲೆಲ್ಲ ಇಂದಿಗೂ ಸಿಟ್ಟು ಬರುತ್ತದೆ. ಮಾವನವರು ಯೋಚಿಸಿ, ಮುಹೂರ್ತದ ಹೊತ್ತಿಗೆ ಒಂದು ಗೇಣು ಬಾಗಿಲು ತೆರೆದಿರಲಿ ಎಂದು ಮಂಜೂರು ಮಾಡಿದರಂತೆ. ಒಂದು ಗೇಣಿನ ಸಂದಿನಲ್ಲಿ ಹಸೆಮಣೆ ಕಾಣುತ್ತದೆಯೇ ಎಂದು ನೋಡಲು ಅಪ್ಪ ನನ್ನನ್ನೂ ಅತ್ತೆಯನ್ನೂ ಛತ್ರಕ್ಕೆ ಕರೆದುಕೊಂಡು ಹೋದರು. ನಾನು ಹಸೆಮಣೆಯ ಜಾಗದಲ್ಲಿ ಕೂತೆ, ಅತ್ತೆ ವರಾಂಡದಲ್ಲಿ ಕೂತಳು, ಅಪ್ಪ ಬಾಗಿಲನ್ನು ಗೇಣು ತೆರೆದು ಹಿಡಿದರು. ಅತ್ತೆ ಚಾಪೆಯನ್ನು ಅತ್ತ ಇತ್ತ ಸರಿಸಿ, ಕೊನೆಗೆ ಒಂದು ಕಡೆ ಹಾಸಿ ಕೂತು, "ಹಾಂ, ಇಲ್ಲಿ ಕಾಣತ್ತೆ. ನಿನ್ನ ಕತ್ತು ಪೂರ್ತಿ ಕಾಣತ್ತೆ," ಎಂದು ಕೂಗಿದಳು.

ಮದುವೆಯ ದಿನ ಬಂತು. ಬೆಳಗಿನ ಜಾವವೇ ಮಾವನವರು ಛತ್ರಕ್ಕೆ ಹೋಗಿ, ಯಂತ್ರ ನಡೆಸುವವನಿಗೆ ಪೂರ್ತಿ ಜೋರಾಗಿ ಬಿಡಬೇಕೆಂದು ಅಪ್ಪಣೆ ಕೊಟ್ಟಿದ್ದರು. ನಾನು ಹಸೆಗೆ ಬರುವ ಹೊತ್ತಿಗೆ ಒಳಗೆ ಎಂಥ ಚಳಿ ಎಂದರೆ ಆರತಿ ತಟ್ಟೆ ಹಿಡಿದ ಹೆಂಗಸರ ಬಳೆಗಳು ತಾವಾಗಿಯೇ ಸದ್ದು ಮಾಡುತ್ತಿದ್ದವು.

ಇಷ್ಟು ಚಳಿಯಾಗಲು ಇನ್ನೊಂದು ಕಾರಣವಿತ್ತು. ಅಪ್ಪ ಇಡೀ ಛತ್ರ ತುಂಬುವಷ್ಟು ಜನರ ಮೈಯ ಶಾಖವನ್ನು ಲೆಕ್ಕಕ್ಕೆ ಹಿಡಿದಿದ್ದರು. ಆ ಜನ ಬಂದಿದ್ದರು ಕೂಡ. ಬಂದು, ಮುಚ್ಚಿದ ಬಾಗಿಲು ನೋಡಿ, ವರಾಂಡದಲ್ಲಿ ನಿಂತು ಗುಸುಗುಸು ಮಾತಾಡಿಕೊಂಡರಂತೆ. ಮದುವೆ ಮನೆಯ ಬಾಗಿಲು ಹಾಕಿದ್ದನ್ನು ಯಾರೂ ಕಂಡವರಲ್ಲ. ಯಾರೋ ತೀರಿಹೋಗಿರಬೇಕು ಎಂದು ಕೆಲವರು, ಗಂಡಿನ ಕಡೆಯವರು ಎದ್ದುಹೋಗಿರಬೇಕು ಎಂದು ಕೆಲವರು, ಒಳಗೆ ದೊಡ್ಡ ಮನುಷ್ಯರು ಮಾತ್ರ ಇರಬೇಕು, ನಮಗೆ ಊಟಕ್ಕೆ ಕರೆಯುತ್ತಾರೆ ಎಂದು ಇನ್ನು ಕೆಲವರು. ಮಾನವಂತರು ಮನೆಗೆ ಹೋದರು. ಹಸಿದವರು ಊಟದ ಮನೆಯ ಕಡೆ ಹೋಗಿ ಒಲೆಯ ಹತ್ತಿರ ಬೆಚ್ಚಗೆ ಕೂತರು. ಅಪ್ಪ ಬಾಗಿಲಲ್ಲಿ ನಿಂತು ಕೈ ಹಿಡಿದು ಎಳೆದು ತಂದವರಷ್ಟೇ ಒಳಗೆ ಇದ್ದರು. ಅವರೂ ಕಿವಿಗೆ ಹತ್ತಿ ತುರುಕಿಕೊಂಡು, ಸೆರಗು ಸುತ್ತಿಕೊಂಡು, ಎದುರಿಗೆ ಬಂದ ಮಾವನವರಿಗೆ "ಆಹಾ, ಸಖತ್ತಾಗಿದೆ ಸಾರ್," ಎನ್ನುತ್ತಿದ್ದರು. ಹಲ್ಲು ಕಟಕಟಿಸುತ್ತಿದ್ದುದರಿಂದ ಅದು ಸ್ಪಷ್ಟವಾಗಿ ಕೇಳುತ್ತಿರಲಿಲ್ಲ.

ಮಾವನವರು ಸೂಟಿನ ಮೇಲೆ ಕಾಶ್ಮೀರದ ಶಾಲು ಹೊದ್ದು ಓಡಾಡುತ್ತಿದ್ದರು.

ಅಮ್ಮ ಇಲ್ಲದ ಕಾರಣ ಧಾರೆ ಎರೆಯಲು ಚಿಕ್ಕಪ್ಪ ಚಿಕ್ಕಮ್ಮ ಕೂತಿದ್ದರು. ಅದರಿಂದ ಅಪ್ಪನಿಗೆ ಬಿಡುವಿತ್ತು. ಅವರು ಮುಹೂರ್ತ ಹತ್ತಿರವಾದ ಕೂಡಲೇ ಬಾಗಿಲನ್ನು ಗೇಣಗಲ ತೆರೆದು, ಯಾರೂ ಅದನ್ನು ಮುಚ್ಚದಂತೆ ಕಾಲು ಅಡ್ಡ ಇಟ್ಟು ನಿಂತರು. ಹಸೆಮಣೆಯಿಂದ ನನಗೆ ಆ ಸಂದು ಕಾಣುತ್ತಿತ್ತು. ಉದ್ದನೆಯ ಕತ್ತಲೆ ಹಜಾರದ ಕೊನೆಯಲ್ಲಿ ಒಂದು ಬೆಳಕಿನ ಗೆರೆ, ಅದರ ಬುಡದಲ್ಲಿ ಗಂಡ ಸತ್ತ ದಿನದಿಂದ ಅತ್ತೆ ಉಡುತ್ತಿದ್ದ ಮಡಿ ಸೀರೆಯ ಕೆಂಪು. ನಾನು ಯಾರು ಏನು ಮಂತ್ರ ಹೇಳಿದರೂ ಅಲ್ಲಿಂದ ಕಣ್ಣು ತೆಗೆಯಲಿಲ್ಲ. ಮದುಮಗಳು ತಲೆ ತಗ್ಗಿಸುವುದಿಲ್ಲ ಎಂದು ಯಾರೋ ಗೊಣಗಿದರು.

ತಾಳಿಯನ್ನು ತಟ್ಟೆಯಲ್ಲಿಟ್ಟು ಎಲ್ಲರೂ ಮುಟ್ಟಿ ಹರಸಲೆಂದು ಹಜಾರದಲ್ಲಿ ಒಯ್ದರು. ತಟ್ಟೆ ಬಾಗಿಲ ತನಕ ಹೋಗಿ, ಅಪ್ಪ ಮುಟ್ಟಿದ ಮೇಲೆ, ಹಾಗೇ ಹಿಂದಿರುಗಿತು. ತಟ್ಟೆಯ ಹಿಂದೆಯೇ ಹೋಗಿದ್ದ ಮಾವನವರು ಮಾತ್ರ ಅಲ್ಲೇ ನಿಂತರು. ಅವರು ಬಾಗಿಲ ಸಂದಿಗೆ ಅಂಗೈ ಹಿಡಿದು ನೋಡುವುದು ನನಗೆ ಕಾಣಿಸಿತು. ತಂಪು ಆಚೆ ಹೋಗುತ್ತಿದೆಯೆಂದು ಅಪ್ಪನಿಗೆ ಹೇಳಿದರಂತೆ. ಆಮೇಲೆ, "ಬನ್ನಿ ಬನ್ನಿ ಬೀಗರೇ, ಮುಹೂರ್ತ ಬಂತು, ನೀವಿಲ್ಲಿ ಬಾಗಿಲು ಕಾಯೋದೇನು," ಎಂದು ಬಹಳ ಪ್ರೀತಿಯಿಂದ ತೋಳು ಹಿಡಿದು ಅಪ್ಪನನ್ನು ಈಚೆಗೆ ಎಳೆದರು. ಹೆಣ್ಣಿನ ತಂದೆ ಬೀಗರ ಕೈ ಕೊಸರಿಕೊಳ್ಳುವಂತಿಲ್ಲ. ಬೆಳಕಿನ ಗೆರೆ ಸಣ್ಣದಾಯಿತು, ಹೋಯಿತು. ಮಾವನವರು ಬಾಗಿಲಿಗೆ ಬೆನ್ನು ಕೊಟ್ಟು, ಶಾಲು ಸರಿಮಾಡಿಕೊಂಡು ನಿಂತರು.

"ಗಟ್ಟಿಮೇಳ, ಗಟ್ಟಿಮೇಳ!" ಎಂದರು ಪುರೋಹಿತರು. ಡೋಲು, ನಾಗಸ್ವರ ಒಟ್ಟಿಗೆ ಎದ್ದವು. ತಾಳಿ ಹಿಡಿದ ಕೈಗಳು ನನ್ನ ಕತ್ತಿನ ಹತ್ತಿರ ಬಂದವು. ನಾನು ಎರಡೂ ಅಂಗೈಗಳಿಂದ ಕತ್ತು ಮುಚ್ಚಿಕೊಂಡೆ.

ಮದುಮಗ ಗಾಬರಿಯಾಗಿ ಬಗ್ಗಿ, "ಏನಾಯ್ತು?" ಎಂದರು. ಅದುವರೆಗೆ ನಾವಿಬ್ಬರೂ ಸರಿಯಾಗಿ ಮಾತೇ ಆಡಿರಲಿಲ್ಲ.

"ಆ ಬಾಗಿಲು ತೆಗೆಸಿ. ನನ್ನ ಅತ್ತೆ ಹೊರಗಿದ್ದಾಳೆ. ಅವಳಿಗೆ ಕಾಣ್ಬೇಕು. ಆಮೇಲೆ ಕಟ್ಟಿ."

ಪುರೋಹಿತರು ಹೊತ್ತು ಮೀರುತ್ತಿದೆಯೆಂದು ಕೈ ಬೀಸುತ್ತಿದ್ದರು. ಚಿಕ್ಕಮ್ಮ ನನ್ನ ಮೊಣಕೈ ಹಿಡಿದು ಎಳೆಯುತ್ತಿದ್ದಳು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಮದುವೆ ಮುರಿದರೆ ಅದರ ಪಾಪವನ್ನೂ ಅತ್ತೆಯ ತಲೆಗೇ ಕಟ್ಟುತ್ತಾರೆಂದು ನನಗೆ ಗೊತ್ತಿತ್ತು. ಆದರೂ ಕೈ ತೆಗೆಯಲಾಗಲಿಲ್ಲ.

ಮದುಮಗ ಬಾಗಿಲ ಕಡೆ ನೋಡಿದರು. ಅಲ್ಲಿ ನಿಂತಿದ್ದ ತಮ್ಮ ತಂದೆಯನ್ನು ನೋಡಿದರು. ಒಂದು ಕೈಯಲ್ಲಿ ತಾಳಿ ಹಿಡಿದುಕೊಂಡೇ ಇನ್ನೊಂದು ಕೈ ಎತ್ತಿ ವಾದ್ಯದವರನ್ನು ನಿಲ್ಲಿಸಿದರು. ಗಟ್ಟಿಮೇಳವನ್ನು ನಡುವೆ ನಿಲ್ಲಿಸಿದ ಮದುಮಗನನ್ನು ನಾನು ಆಮೇಲೆ ಯಾವ ಮದುವೆಯಲ್ಲೂ ಕಾಣಲಿಲ್ಲ. ಛತ್ರದಲ್ಲಿ ಯಂತ್ರದ ಗುಂಯ್ ಎನ್ನುವ ಸದ್ದೊಂದೇ ಉಳಿಯಿತು.

"ಅಪ್ಪಾ, ಬಾಗಿಲು ತೆಗೀರಿ."

"ತಂಪು ಹೋಗತ್ತೋ!"

"ಹೋಗ್ಲಿ ಅಪ್ಪಾ. ತೆಗೀರಿ."

ಮಾವನವರು ತಿರುಗಿ ಬಾಗಿಲ ಹಿಡಿ ಹಿಡಿದು ಎಳೆದರು. ಅತ್ತೆ ಏನೂ ಕಾಣದೆ, ಕಡೆಗೆ ಗಟ್ಟಿಮೇಳವನ್ನಾದರೂ ಕೇಳೋಣವೆಂದು, ಬಾಗಿಲಿಗೆ ಮೈಯಾನಿಸಿ ಕಿವಿ ಒತ್ತಿಕೊಂಡು ನಿಂತಿದ್ದಳು. ಬಾಗಿಲು ಒಳಕ್ಕೆ ಸರಿಯಿತು. ಅದರ ಜೊತೆಗೆ ಅತ್ತೆಯೂ ಬಂದು, ಹೊಸಿಲು ದಾಟಿ, ನೆಂಟರೆಲ್ಲರ ಕಣ್ಣೆದುರಿಗೆ, ಶುಭ ಮುಹೂರ್ತದಲ್ಲಿ, ಛತ್ರದ ಒಳಗೆ ಮಂಡಿಯೂರಿ ಬಿದ್ದಳು.

ಅಪ್ಪ ಓಡಿಹೋಗಿ ಅವಳನ್ನು ಎಬ್ಬಿಸಿದರು. ಅವಳು ಸೆರಗು ಸರಿಮಾಡಿಕೊಂಡು ತಲೆ ಎತ್ತಿ, ತಾನು ಎಲ್ಲಿದ್ದೇನೆಂದು ಕಂಡು, ಬೆಪ್ಪಾಗಿ ಹಿಂದಕ್ಕೆ ಹೆಜ್ಜೆ ಇಡಲು ಹೋದಳು. ಅಷ್ಟರಲ್ಲಿ ಚಳಿ ಅವಳ ಮೈಗೆ ತಾಗಿರಬೇಕು. ನಿಂತುಬಿಟ್ಟಳು. ಹಸೆಮಣೆಯ ಮೇಲೆ ತೆಳುವಾದ ಧಾರೆ ಸೀರೆಯಲ್ಲಿ ಕೂತಿದ್ದ ನನ್ನನ್ನು ನೋಡಿದಳು.

"ಅಯ್ಯೋ, ಇದೇನ್ರೋ ಇದು ಚಳಿ! ಬೆಳಿಗ್ಗೆಯಿಂದ ಮಗೂನ ಇದರಲ್ಲೇ ಕೂರಿಸಿದ್ದೀರಾ?"

ಪಕ್ಕದಲ್ಲಿ ನಿಂತಿದ್ದ ಮಾವನವರ ಕಡೆ ತಿರುಗಿ, "ಕೊಡಿ ಇತ್ಲಾಗೆ," ಎಂದು ಅವರ ಹೆಗಲ ಮೇಲಿನ ಶಾಲನ್ನು ಎಳೆದುಕೊಂಡಳು. ದೆಹಲಿಯಲ್ಲಿ ಅವರಿಗೆ ಯಾರೂ ಹಾಗೆ ಮಾಡಿರಲಿಲ್ಲವೋ ಏನೋ, ಅವರು ಸುಮ್ಮನೆ ಕೊಟ್ಟುಬಿಟ್ಟರು. ಅತ್ತೆ ಛತ್ರದ ಉದ್ದಕ್ಕೂ ಸರಸರನೆ ನಡೆದು ಬಂದಳು. ಕೂತವರು ಕಾಲು ಮಡಚಿಕೊಂಡು ದಾರಿ ಬಿಟ್ಟರು. ಹಸೆಮಣೆಯ ಹತ್ತಿರ ಬಂದು ಆ ಶಾಲನ್ನು ನನ್ನ ಮೈಗೆ ಸುತ್ತಿ, ಕುತ್ತಿಗೆಯ ತನಕ ಎಳೆದು, ಚಿಕ್ಕಂದಿನಲ್ಲಿ ಜ್ವರ ಬಂದಾಗ ಮಾಡುತ್ತಿದ್ದ ಹಾಗೆ ಬೆನ್ನು ಗಸಗಸನೆ ಉಜ್ಜಿದಳು. ಅವಳ ಕೈ ಬಿಸಿಯಾಗಿತ್ತು. ನಾನು ಅದುವರೆಗೂ ತಡೆದುಕೊಂಡಿದ್ದ ಅಳು ಬಂದೇಬಿಟ್ಟಿತು.

"ಕಟ್ಟಪ್ಪಾ, ಹೊತ್ತು ಮೀರತ್ತೆ," ಎಂದಳು ಮದುಮಗನಿಗೆ.

ಅವರು ಶಾಲಿನ ಅಂಚು ಸರಿಸಿ, ಕತ್ತು ಹುಡುಕಿ ತಾಳಿ ಕಟ್ಟಿದರು. ಗಂಟುಗಳೆಲ್ಲ ಸರಿಯಾಗಿ ಬಿದ್ದವೋ ಇಲ್ಲವೋ ಎಂದು ಅತ್ತೆ ಪಕ್ಕದಲ್ಲೇ ನಿಂತು ಬಗ್ಗಿ ನೋಡಿದಳು.